ಸ್ಟನ್ ಗನ್ ಒಯ್ಯಬೇಕಾ? ಜರ್ಸಿ ಸಿಟಿಯಿಂದ ಮ್ಯಾನ್‌ಹಟನ್‌ಗೆ ರಾತ್ರಿ ಓಡಾಟ, ಸಲಹೆ ಬೇಕು

ಜರ್ನಲ್ ಸ್ಕ್ವೇರ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಸಿ ಸಿಟಿಯಲ್ಲಿ, ಜರ್ನಲ್ ಸ್ಕ್ವೇರ್ ಸ್ಟೇಷನ್‌ನಿಂದ ಹನ್ನೆರಡು ನಿಮಿಷದ ನಡಿಗೆ. ಕೆಲಸ ಮ್ಯಾನ್‌ಹಟನ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಹೋದ ತಿಂಗಳಿಂದ ನನ್ನನ್ನು ಸಂಜೆ ಪಾಳಿಗೆ ಹಾಕಿದ್ದಾರೆ. ಕೆಲಸ ಮುಗಿಯುವಾಗ ಹನ್ನೊಂದಾಗುತ್ತದೆ. 33ನೇ ಬೀದಿಯಲ್ಲಿ ಪಾತ್ ರೈಲು (ನ್ಯೂಯಾರ್ಕ್‌ನಿಂದ ನ್ಯೂಜರ್ಸಿಗೆ ಬರುವುದು) ಹತ್ತಿ ಇಲ್ಲಿ ಇಳಿಯುವಾಗ ಹನ್ನೆರಡರ ಹತ್ತಿರ.

ಹೋದ ವಾರ ಒಬ್ಬ ಸ್ಟೇಷನ್‌ನಿಂದಲೇ ಹಿಂದೆ ಬಂದ. ನಾನು ರಸ್ತೆ ದಾಟಿದೆ, ಅವನೂ ದಾಟಿದ. ಮತ್ತೆ ಈ ಕಡೆಗೆ ಬಂದೆ, ಅವನೂ ಬಂದ. ರೂಮ್‌ಮೇಟ್‌ಗೆ ಫೋನ್ ಮಾಡಿ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುತ್ತಾ ನಡೆದೆ. ಅವಳು ಕೆಳಗಿಳಿದು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿ ಅವನು ಮುಂದೆ ಹೋಗಿಬಿಟ್ಟ. ಏನೂ ಆಗಲಿಲ್ಲ, ಆದರೆ ಆವತ್ತಿಂದ ಸ್ಟೇಷನ್ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ.

ವಿಷಯ ಕೇಳಿ ಸಹೋದ್ಯೋಗಿಯೊಬ್ಬರು ಪೆನ್ಸಿಲ್ವೇನಿಯಾದಿಂದ ಒಂದು ಸ್ಟನ್ ಗನ್ ತಂದುಕೊಟ್ಟರು. ಮೈಗೆ ಒತ್ತಿದರೆ ಶಾಕ್ ಹೊಡೆಯುವ ಸಾಧನ, ಟಾರ್ಚ್ ಥರ ಇದೆ. ಡಬ್ಬದ ಮೇಲೆ 5 ಕೋಟಿ ವೋಲ್ಟ್ ಅಂತ ಬರೆದಿದೆ. ಒತ್ತಿದರೆ ಚಟಪಟ ಸದ್ದು, ನೀಲಿ ಕಿಡಿ. ನಾಲ್ಕು ದಿನದಿಂದ ಬ್ಯಾಗಿನಲ್ಲಿದೆ. ಇದು ಸಾಕಾ? ಇದಕ್ಕಿಂತ ಒಳ್ಳೆಯದು ಇದೆಯಾ? ಯಾರಾದರೂ ನಿಜವಾಗಿ ಬಳಸಿದ್ದೀರಾ? ದಯವಿಟ್ಟು ಗೊತ್ತಿರುವವರು ಹೇಳಿ.

ಎಡಿಸನ್ ಅಮ್ಮ

ತಂಗಿ, ಮೊದಲು ನೀನು ಕ್ಷೇಮವಾಗಿದ್ದೀಯಲ್ಲ, ಅದೇ ದೊಡ್ಡದು. ರೂಮ್‌ಮೇಟ್‌ಗೆ ಫೋನ್ ಮಾಡಿದ್ದು ಸರಿಯಾದ ಕೆಲಸ. ಅವನ ಚಹರೆ ನೆನಪಿದ್ದರೆ ಪೊಲೀಸರ ತುರ್ತಲ್ಲದ ನಂಬರಿಗೆ ಒಂದು ಮಾತು ತಿಳಿಸಿಡು. ಸ್ಟನ್ ಗನ್ ವಿಷಯಕ್ಕೆ ನನ್ನದೊಂದು ಅನುಭವ ಇದೆ, ಮಕ್ಕಳು ಮಲಗಿದ ಮೇಲೆ ಬರೆಯುತ್ತೇನೆ.

ಕಾನೂನು ಓದುವವ

ಮೇಡಂ, ದಯವಿಟ್ಟು ನಾಳೆ ಅದನ್ನು ಬ್ಯಾಗಿನಿಂದ ತೆಗೆದು ಮನೆಯಲ್ಲಿಟ್ಟು ಹೋಗಿ. ಇದು ಮೊದಲನೆಯ ಮಾತು, ಉಳಿದದ್ದೆಲ್ಲ ಆಮೇಲೆ.

ನ್ಯೂಜರ್ಸಿಯಲ್ಲಿ 18 ವರ್ಷ ದಾಟಿದವರು ಸ್ಟನ್ ಗನ್ ಇಟ್ಟುಕೊಳ್ಳಬಹುದು. ಇದು ಹಳೆಯ ಹಕ್ಕೇನಲ್ಲ. 2016ರಲ್ಲಿ ಕೆಲವರು ಇಲ್ಲಿನ ನಿಷೇಧದ ವಿರುದ್ಧ ಕೋರ್ಟಿಗೆ ಹೋದರು. ಈ ನಿಷೇಧ ನಿಲ್ಲುವುದಿಲ್ಲ ಎಂದು ರಾಜ್ಯವೇ ಒಪ್ಪಿಕೊಂಡಿತು. 2017ರಲ್ಲಿ ನಿಷೇಧ ಹೋಯಿತು. ಪೆನ್ಸಿಲ್ವೇನಿಯಾದಲ್ಲೂ ತೊಂದರೆ ಇಲ್ಲ.

ಆದರೆ ನಿಮ್ಮ ರೈಲು ಹಡ್ಸನ್ ನದಿಯ ಕೆಳಗೆ ಹಾದು ಆ ಕಡೆ ಹೋದ ಕೂಡಲೇ ಕಾನೂನು ಬದಲಾಗುತ್ತದೆ. ನ್ಯೂಯಾರ್ಕ್ ನಗರದೊಳಗೆ ಸ್ಟನ್ ಗನ್ ಮಾರುವುದು ಮಾತ್ರ ಅಲ್ಲ, ಬ್ಯಾಗಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ನ್ಯೂಯಾರ್ಕ್ ರಾಜ್ಯದ ನಿಷೇಧವನ್ನು 2019ರಲ್ಲಿ ಒಂದು ಫೆಡರಲ್ ಕೋರ್ಟ್ ಸಂವಿಧಾನಕ್ಕೆ ವಿರುದ್ಧ ಎಂದಿತು. ಜಾಲತಾಣಗಳಲ್ಲಿ 'ಈಗ ನ್ಯೂಯಾರ್ಕ್‌ನಲ್ಲೂ ಓಕೆ' ಅಂತ ಬರೆಯುವವರು ಇದನ್ನೇ ಹಿಡಿದು ಬರೆಯುತ್ತಾರೆ. ನಗರಕ್ಕೆ ತನ್ನದೇ ಬೇರೆ ನಿಯಮ ಇದೆ. ಅದನ್ನು ಪ್ರಶ್ನಿಸಿದವರಿಗೆ 2025ರಲ್ಲಿ ಕೆಳಗಿನ ಫೆಡರಲ್ ಕೋರ್ಟಿನಲ್ಲಿ ಸೋಲಾಯಿತು.

ನೀವು ವೀಸಾದಲ್ಲಿದ್ದರೆ ಇನ್ನೂ ಜೋಪಾನ. ಕೇಸು ಆಮೇಲೆ ಬಿದ್ದುಹೋದರೂ ಸರಿ, ಬಂಧನ ಆಗಿತ್ತು ಅನ್ನುವುದನ್ನು ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಬರೆಯಲೇಬೇಕು. 'ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ' ಅಂತ ಆ ಫಾರ್ಮ್ ನೇರವಾಗಿ ಕೇಳುತ್ತದೆ. ಸ್ವಂತ ರಕ್ಷಣೆಗೆ ಅಂತ ಇಟ್ಟುಕೊಂಡ ವಸ್ತುವಿನಿಂದ ಇಂಥ ತೊಂದರೆ ನಿಮಗೆ ಬೇಡ.

ಜರ್ನಲ್ ಸ್ಕ್ವೇರ್ ವಾಸಿ

ಅಯ್ಯೋ ದೇವರೇ. ನಾಲ್ಕು ದಿನ ಅದನ್ನು ಹಿಡಿದುಕೊಂಡು ಮ್ಯಾನ್‌ಹಟನ್ ಎಲ್ಲ ತಿರುಗಿದ್ದೇನೆ. ಸ್ಟೇಷನ್‌ನಲ್ಲಿ ಒಂದು ದಿನ ಪೊಲೀಸರು ಬ್ಯಾಗ್ ನೋಡುತ್ತಿದ್ದರು, ನನ್ನದು ನೋಡಲಿಲ್ಲ ಅಷ್ಟೇ. ಹೌದು ಸರ್, ವೀಸಾದಲ್ಲೇ ಇದ್ದೇನೆ, ಎಚ್-1ಬಿ ಕೆಲಸದ ವೀಸಾ. ಈಗಲೇ ತೆಗೆದಿಟ್ಟೆ. ತುಂಬಾ ಧನ್ಯವಾದ. ಅಂಗಡಿಯವರಾಗಲಿ ಡಬ್ಬವಾಗಲಿ ಇದನ್ನು ಹೇಳುವುದೇ ಇಲ್ಲವಲ್ಲ.

ಬಾಸ್ಟನ್ ಚಳಿ

ಇಷ್ಟು ರಾಜ್ಯಗಳಲ್ಲಿ ಸ್ಟನ್ ಗನ್ ನಿಷೇಧ ಒಂದರ ಹಿಂದೆ ಒಂದು ರದ್ದಾಗಿದ್ದಕ್ಕೆ ಕಾರಣ ನಮ್ಮ ಮಸಾಚುಸೆಟ್ಸ್‌ನ ಒಬ್ಬ ಹೆಣ್ಣುಮಗಳು. ಅವರ ಕಥೆ ಇಲ್ಲಿ ಎಲ್ಲರಿಗೂ ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಹೆಸರು ಜೇಮಿ ಕೆಟಾನೊ. ಹಳೆಯ ಗೆಳೆಯ ಹೊಡೆದು ಆಸ್ಪತ್ರೆ ಸೇರಿಸಿದ್ದ. ಅವನು ಹತ್ತಿರ ಬರಬಾರದು ಅಂತ ಕೋರ್ಟಿನಿಂದ ಒಂದಲ್ಲ, ಹಲವು ಆದೇಶ ತಂದರು. ಅವನು ಯಾವುದಕ್ಕೂ ಬಗ್ಗಲಿಲ್ಲ. ಆಗ ಪರಿಚಯದವರು ಒಂದು ಸ್ಟನ್ ಗನ್ ಕೊಟ್ಟರು. ಒಂದು ರಾತ್ರಿ ಕೆಲಸ ಮುಗಿಸಿ ಹೊರಗೆ ಬಂದರೆ ಅವನು ಕಾದು ನಿಂತಿದ್ದಾನೆ. ಅವರಿಗಿಂತ ಸುಮಾರು ಒಂದಡಿ ಎತ್ತರ, 45 ಕಿಲೋ ಹತ್ತಿರ ಜಾಸ್ತಿ ತೂಕ. ಅವರು ಓಡಲಿಲ್ಲ. ಸ್ಟನ್ ಗನ್ ತೋರಿಸಿ, ಇನ್ನು ಸಹಿಸುವುದಿಲ್ಲ, ಹೊರಟುಹೋಗು ಎಂದರು. ಅವನು ಹೋದ. ಮುಟ್ಟುವ ಪ್ರಸಂಗವೇ ಬರಲಿಲ್ಲ.

ಆಮೇಲೆ 2011ರಲ್ಲಿ ಬೇರೆ ಯಾವುದೋ ವಿಚಾರಣೆಯಲ್ಲಿ ಪೊಲೀಸರು ಅವರ ಪರ್ಸ್ ನೋಡಿದರು. ಆಗ ಮಸಾಚುಸೆಟ್ಸ್‌ನಲ್ಲಿ ಸ್ಟನ್ ಗನ್ ಪೂರ್ತಿ ನಿಷೇಧ. ತಪ್ಪಿತಸ್ಥೆ ಎಂದು ತೀರ್ಪಾಯಿತು. ರಾಜ್ಯದ ಅತ್ಯುನ್ನತ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2016ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಮ್ಮತದಿಂದ ರದ್ದು ಮಾಡಿತು. 2018ರಲ್ಲಿ ಇಲ್ಲಿನ ನಿಷೇಧವೂ ಹೋಯಿತು. ಈಗ ಇಲ್ಲಿ ಲೈಸೆನ್ಸ್ ಇದ್ದವರು ಇಟ್ಟುಕೊಳ್ಳಬಹುದು. ಇಲಿನಾಯ್‌ನಲ್ಲಿ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಸಾರ್ವಜನಿಕ ಜಾಗದಲ್ಲಿ ಒಯ್ಯುವ ನಿಷೇಧವನ್ನು ತೆಗೆದುಹಾಕಿತು. ಹವಾಯಿಯಲ್ಲಿ 2022ರಿಂದ ಸರಿಯಾಯಿತು.

ಆ ಹೆಣ್ಣುಮಗಳು ಯಾರಿಗೂ ನೋವು ಮಾಡಿರಲಿಲ್ಲ. ಆದರೂ ಐದು ವರ್ಷ ಕೋರ್ಟು ಅಲೆದರು. ಅದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ವೋಲ್ಟೇಜ್ ಮೇಷ್ಟ್ರು

ದಾವಣಗೆರೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಕಲ್ ಪಾಠ ಮಾಡಿದವನು ನಾನು. ಈಗ ಮಗನ ಮನೆಯಲ್ಲಿ ಇಲ್ಲಿದ್ದೇನೆ. ಕಾನೂನು ಅವರು ಹೇಳಿದರು. ಆ 5 ಕೋಟಿ ವೋಲ್ಟ್ ಬಗ್ಗೆ ನಾನು ಹೇಳಬೇಕು, ಯಾಕೆಂದರೆ ಅದನ್ನು ನಂಬಿಕೊಂಡು ಒಂದು ಹೆಣ್ಣುಮಗು ಧೈರ್ಯವಾಗಿ ನಿಂತುಬಿಟ್ಟರೆ ಅದು ಅಪಾಯ.

ಗಾಳಿಯಲ್ಲಿ ಒಂದು ಸೆಂಟಿಮೀಟರ್ ದೂರಕ್ಕೆ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು. ಇದು ನಾವು ತರಗತಿಯಲ್ಲಿ ಮೊದಲ ವಾರ ಹೇಳಿಕೊಡುವ ಲೆಕ್ಕ. ನಿಮ್ಮ ಸಾಧನದ ಎರಡು ಮೊನೆಗಳ ನಡುವೆ ಎಷ್ಟು ಜಾಗ ಇದೆ? ಎರಡೋ ಮೂರೋ ಸೆಂಟಿಮೀಟರ್. ಅಂದರೆ ಅಲ್ಲಿ ಆಗುತ್ತಿರುವುದು ಹೆಚ್ಚೆಂದರೆ 60ರಿಂದ 90 ಸಾವಿರ ವೋಲ್ಟ್. ನಿಜವಾಗಿ 5 ಕೋಟಿ ಇದ್ದಿದ್ದರೆ ಕಿಡಿ 16 ಮೀಟರ್‌ಗಿಂತ ಜಾಸ್ತಿ ಹಾರಬೇಕಿತ್ತು. ಐದು ಮಹಡಿ ಕಟ್ಟಡದ ಎತ್ತರ ಅದು. ಡಬ್ಬದ ಮೇಲಿನ ಸಂಖ್ಯೆ ಸುಳ್ಳು, ಅಷ್ಟೇ.

ಇನ್ನೊಂದು ಮಾತು. ವೋಲ್ಟ್ ಅಂದರೆ ತಳ್ಳುವ ಒತ್ತಡ ಮಾತ್ರ. ಮೈಯೊಳಗೆ ಎಷ್ಟು ಹೋಯಿತು ಅನ್ನುವುದು ಬೇರೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟ್ ಅನ್ನುತ್ತದಲ್ಲ, ಅದೂ ಸಾವಿರಾರು ವೋಲ್ಟೇ. ಪ್ರತಿ ಮಿಡಿತದಲ್ಲಿ ಎಷ್ಟು ವಿದ್ಯುದಂಶ (ಚಾರ್ಜ್) ಹೋಗುತ್ತದೆ ಅನ್ನುವುದನ್ನು ಮೈಕ್ರೋಕೂಲಂಬ್ ಲೆಕ್ಕದಲ್ಲಿ ಹೇಳುತ್ತಾರೆ. ಕೊಳ್ಳುವುದಾದರೆ ಆ ಅಳತೆ ಬರೆದಿರುವ ಕಂಪನಿಯದು ನೋಡಿ. ಕೋಟಿ ವೋಲ್ಟ್ ಅಂತ ಕೂಗುವುದನ್ನು ಬಿಡಿ.

ಹಾಗೆಯೇ, ಒತ್ತಿ ಹಿಡಿದು ಆಟ ಆಡಬೇಡಿ. ಪರೀಕ್ಷೆಗೆ ಒಂದು ಸೆಕೆಂಡ್ ಸಾಕು. ಗಾಳಿಯಲ್ಲಿ ಸುಮ್ನೆ ಕಿಡಿ ಹಾರಿಸುತ್ತಾ ಇದ್ದರೆ ಒಳಗಿನ ಸರ್ಕ್ಯೂಟ್ ಹಾಳಾಗುತ್ತದೆ.

ತುಂಗಾತೀರ

ಮೇಷ್ಟ್ರೇ, ಹಾಗಾದರೆ ಪೊಲೀಸರ ಟೇಸರ್ ಹೊಡೆದರೆ ಮನುಷ್ಯ ಕಟ್ಟಿಗೆಯ ಹಾಗೆ ಬಿದ್ದುಬಿಡುತ್ತಾನಲ್ಲ? ವಿಡಿಯೊ ನೋಡಿದ್ದೇನೆ. ಅದು ಹೇಗೆ?

ವೋಲ್ಟೇಜ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಈ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಎಲ್ಲ ಗೊಂದಲ ಅಲ್ಲಿಂದಲೇ ಶುರು.

ಟೇಸರ್ ಎರಡು ಸಣ್ಣ ಮುಳ್ಳುಗಳನ್ನು ತಂತಿ ಸಮೇತ ದೂರಕ್ಕೆ ಹಾರಿಸುತ್ತದೆ. ಹಾರುತ್ತಾ ಹಾರುತ್ತಾ ಎರಡು ಮುಳ್ಳು ಒಂದರಿಂದ ಒಂದು ದೂರವಾಗುತ್ತವೆ. ಹಳೆಯ ಪೊಲೀಸ್ ಮಾದರಿಗಳಲ್ಲಿ ಸುಮಾರು ಎರಡು ಮೀಟರ್ ಆಚೆ ಇರುವವನಿಗೆ ತಾಗುವಾಗ ಅವುಗಳ ನಡುವೆ ಒಂದಡಿ ಅಂತರ ಆಗಿರುತ್ತದೆ. ಒಂದು ಎದೆಯ ಕೆಳಗೆ, ಇನ್ನೊಂದು ಸೊಂಟದ ಹತ್ತಿರ ಅಂತಿಟ್ಟುಕೊಳ್ಳಿ. ನಡುವಿನ ಸ್ನಾಯುಗಳೆಲ್ಲ ಆ ದಾರಿಯಲ್ಲಿ ಸಿಕ್ಕಿಬೀಳುತ್ತವೆ. ಸೆಕೆಂಡಿಗೆ ಹತ್ತೊಂಬತ್ತು ಇಪ್ಪತ್ತು ಸಲ ಮಿಡಿತ ಹೋಗುತ್ತದೆ. ಸ್ನಾಯು ಬಿಗಿದುಕೊಳ್ಳುತ್ತದೆ, ಮನುಷ್ಯ ಬೇಕೆಂದರೂ ಕೈಕಾಲು ಆಡಿಸಲಾರ.

ಕೈಯಲ್ಲಿ ಹಿಡಿದು ಒತ್ತುವ ಸ್ಟನ್ ಗನ್‌ನಲ್ಲಿ ಮೊನೆಗಳ ನಡುವೆ ನಾಲ್ಕು ಬೆರಳು ಅಗಲವೂ ಇರುವುದಿಲ್ಲ. ವಿದ್ಯುತ್ ಅಲ್ಲೇ ಹತ್ತಿರದ ದಾರಿಯಲ್ಲಿ ಹೋಗಿಬಿಡುತ್ತದೆ. ಅಷ್ಟು ಜಾಗದಲ್ಲಿ ವಿಪರೀತ ನೋವು. ಆದರೆ ಅದು ನೋವು ಮಾತ್ರ. ನೋವಿಗೆ ಹೆದರುವವನು ಬಿಡುತ್ತಾನೆ. ಕುಡಿದವನು, ಮತ್ತಿನಲ್ಲಿರುವವನು, ಸಿಟ್ಟು ನೆತ್ತಿಗೇರಿದವನು ಬಿಡದೆಯೂ ಇರಬಹುದು. ದಪ್ಪ ಜಾಕೆಟ್ ಇದ್ದರೆ ಇನ್ನೂ ಕಷ್ಟ. ಜನವರಿಯಲ್ಲಿ ನ್ಯೂಜರ್ಸಿಯಲ್ಲಿ ಯಾರು ತೆಳು ಅಂಗಿಯಲ್ಲಿ ಓಡಾಡುತ್ತಾರೆ ಹೇಳಿ.

ಒಂದು ಸಮಾಧಾನ ಏನೆಂದರೆ, ಅವನು ನಿಮ್ಮ ಕೈ ಹಿಡಿದುಕೊಂಡಿದ್ದಾಗ ಒತ್ತಿದರೆ ನಿಮಗೂ ಶಾಕ್ ಹೊಡೆಯುತ್ತದೆ ಅನ್ನುವ ಭಯ ಬೇಡ. ವಿದ್ಯುತ್ ಎರಡು ಮೊನೆಗಳ ನಡುವೆಯೇ ಓಡುತ್ತದೆ. ಆದರೆ ಸಾಧನ ಮಳೆಯಲ್ಲಿ ನೆಂದಿದ್ದರೆ ಆ ಮಾತು ಬೇರೆ, ಆಗ ಮುಟ್ಟಬೇಡಿ.

ಎಡಿಸನ್ ಅಮ್ಮ

ಈಗ ನನ್ನ ವಿಷಯ. ಮೂರು ವರ್ಷ ಬ್ಯಾಗಿನಲ್ಲಿ ಸ್ಟನ್ ಗನ್ ಇಟ್ಟುಕೊಂಡು ಓಡಾಡಿದೆ. ಇದೆಯಲ್ಲ ಅಂತ ಧೈರ್ಯ.

ಒಂದು ರಾತ್ರಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ್ದೆ. ಮಗು ಹಿಂದಿನ ಸೀಟಿನಲ್ಲಿ ಮಲಗಿತ್ತು. ನಾನು ಕೆಳಗಿಳಿದಿದ್ದೆ. ಒಬ್ಬ ಹತ್ತಿರ ಬಂದು ದುಡ್ಡು ಕೇಳಿದ. ಇಲ್ಲ ಅಂದೆ. ಅವನು ಕಾರಿನ ಬಾಗಿಲಿಗೂ ನನಗೂ ನಡುವೆ ಬಂದು ನಿಂತ. ನಾನು ಬ್ಯಾಗಿಗೆ ಕೈ ಹಾಕಿದೆ. ಟಿಫಿನ್ ಡಬ್ಬಿ ಸಿಕ್ಕಿತು. ಚಾರ್ಜರ್ ಸಿಕ್ಕಿತು. ಡೈಪರ್ ಸಿಕ್ಕಿತು. ಅದು ಸಿಗಲಿಲ್ಲ. ಕೈ ನಡುಗುತ್ತಿತ್ತು. ಅಷ್ಟರಲ್ಲಿ ಪೆಟ್ರೋಲ್ ಹಾಕುವ ಹುಡುಗ ಏನಾಯಿತು ಅಂತ ಕೂಗಿ ಓಡಿಬಂದ. ನ್ಯೂಜರ್ಸಿಯಲ್ಲಿ ನಾವೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲವಲ್ಲ, ಆವತ್ತು ಆ ನಿಯಮವೇ ನನ್ನನ್ನು ಉಳಿಸಿತು. ಅವನು ಹೊರಟುಹೋದ.

ಮನೆಗೆ ಬಂದು ಬ್ಯಾಗನ್ನು ನೆಲಕ್ಕೆ ಸುರಿದೆ. ಸ್ಟನ್ ಗನ್ ಒಳಗಿನ ಜಿಪ್‌ನಲ್ಲಿತ್ತು. ಒತ್ತಿದೆ. ಬ್ಯಾಟರಿ ಸತ್ತಿತ್ತು. ಎಷ್ಟು ತಿಂಗಳಿಂದ ಸತ್ತಿತ್ತೋ ಗೊತ್ತಿಲ್ಲ. ಮೂರು ವರ್ಷದಲ್ಲಿ ಎರಡು ಸಲ ಚಾರ್ಜ್ ಮಾಡಿದ್ದೆನೇನೋ. ಆವತ್ತು ರಾತ್ರಿ ನಾನು ತುಂಬಾ ಅತ್ತೆ.

ಅದಕ್ಕೇ ಹೇಳುತ್ತೇನೆ ತಂಗಿ. ಯಾವುದು ತಗೊಂಡೆ ಅನ್ನುವುದು ಆಮೇಲಿನ ಮಾತು. ಸ್ಟೇಷನ್ ಬಿಡುವ ಮೊದಲೇ ಅದು ಕೈಯಲ್ಲಿರಬೇಕು.

ವ್ಯವಹಾರಸ್ಥ

ಇಷ್ಟೆಲ್ಲ ಯಾಕೆ? ಪಾಳಿ ಬದಲಾಯಿಸಿಕೊಳ್ಳಿ, ಇಲ್ಲ ಕೆಲಸ ಬದಲಾಯಿಸಿ. ಹನ್ನೆರಡು ಗಂಟೆಗೆ ಹೆಣ್ಣುಮಕ್ಕಳು ಒಬ್ಬರೇ ಓಡಾಡುವುದೇ ತಪ್ಪು.

ಜರ್ನಲ್ ಸ್ಕ್ವೇರ್ ವಾಸಿ

ಸರ್, ನೀವು ಕಾಳಜಿಯಿಂದ ಹೇಳಿದ್ದೀರಿ ಅಂದುಕೊಳ್ಳುತ್ತೇನೆ. ನನ್ನ ವೀಸಾ ಈ ಕೆಲಸದ ಮೇಲೆ ನಿಂತಿದೆ. ಊರಿನಲ್ಲಿ ಅಪ್ಪನ ಸಾಲ ನನ್ನ ಸಂಬಳದಿಂದ ತೀರುತ್ತಿದೆ. ರಾತ್ರಿ ಹನ್ನೊಂದರ ತನಕ ರಕ್ತ ಪರೀಕ್ಷೆ ಯಾರಾದರೂ ಮಾಡಲೇಬೇಕು, ಇಲ್ಲದಿದ್ದರೆ ಒಳಗೆ ಮಲಗಿರುವವರ ಗತಿ ಏನು? ನಾನು ಓಡಾಡುವುದು ತಪ್ಪಲ್ಲ ಸರ್. ಹಿಂದೆ ಬಂದವನದು ತಪ್ಪು.

ಎಡಿಸನ್ ಅಮ್ಮ

ಸರಿಯಾಗಿ ಹೇಳಿದೆ ಮಗಳೇ.

ವಾರಾಂತ್ಯದ ತರಬೇತಿ

ನಾನು ಇಲ್ಲಿ ಶನಿವಾರ ಹೆಣ್ಣುಮಕ್ಕಳಿಗೆ ಸ್ವರಕ್ಷಣೆ ಹೇಳಿಕೊಡುತ್ತೇನೆ. ಎಂಟು ವರ್ಷ ಆಯಿತು. ಮೇಷ್ಟ್ರು ಹೇಳಿದ್ದನ್ನೇ ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಒತ್ತುವ ಸ್ಟನ್ ಗನ್ ಕೆಲಸ ಮಾಡಬೇಕಾದರೆ ಅವನು ನಿಮ್ಮ ಕೈಗೆಟಕುವಷ್ಟು ಹತ್ತಿರ ಇರಬೇಕು. ನಿಮಗೆ ಅವನು ಎಟಕಿದರೆ ಅವನಿಗೂ ನೀವು ಎಟಕುತ್ತೀರಿ. ನನಗೆ ಈ ಸಾಧನದ ಬಗ್ಗೆ ಇರುವ ದೊಡ್ಡ ತಕರಾರು ಇದೇ. ನಾವು ತರಗತಿಯಲ್ಲಿ ಮೊದಲು ಕಲಿಸುವುದು ದೂರ ಉಳಿಸಿಕೊಳ್ಳುವುದನ್ನು. ಈ ಸಾಧನ ಆ ದೂರವನ್ನು ಬಿಟ್ಟುಕೊಡು ಅನ್ನುತ್ತದೆ. ಆದರೂ ಹಿಂದಿನಿಂದ ಬಂದು ಹಿಡಿದುಕೊಂಡಾಗ, ಬೇರೆ ದಾರಿಯೇ ಇಲ್ಲದಾಗ ಅದು ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಬೇಡವೇ ಬೇಡ ಅಂತ ಹೇಳಲಾರೆ.

ನ್ಯೂಜರ್ಸಿಯೊಳಗೇ ಓಡಾಡುವವರು ತಗೊಳ್ಳುವುದಾದರೆ, ಮಣಿಕಟ್ಟಿಗೆ ಕಟ್ಟುವ ದಾರ ಇರುವ, ಆ ದಾರಕ್ಕೆ ಪಿನ್ ಇರುವ ಮಾದರಿ ನೋಡಿ. ಅವನು ಕಿತ್ತುಕೊಂಡರೆ ಪಿನ್ ನಿಮ್ಮ ಕೈಯಲ್ಲೇ ಉಳಿಯುತ್ತದೆ, ಸಾಧನ ಸತ್ತುಹೋಗುತ್ತದೆ. ಅದನ್ನು ನಿಮ್ಮ ಮೇಲೇ ತಿರುಗಿಸಲಾರ. ಇದಿಲ್ಲದ್ದನ್ನು ನಾನು ಯಾರಿಗೂ ತಗೊಳ್ಳಿ ಅನ್ನುವುದಿಲ್ಲ. ಲಿಪ್‌ಸ್ಟಿಕ್ ಥರ, ಮೊಬೈಲ್ ಥರ ಕಾಣುವುದು ಬೇಡ, ಗಾಬರಿಯಲ್ಲಿ ಯಾವ ಕಡೆ ಮೊನೆ ಅಂತಲೇ ಗೊತ್ತಾಗುವುದಿಲ್ಲ. ಒತ್ತುವುದಾದರೆ ತೊಡೆ, ಸೊಂಟದ ಪಕ್ಕ, ಭುಜದಂಥ ದೊಡ್ಡ ಸ್ನಾಯುವಿನ ಮೇಲೆ ಗಟ್ಟಿಯಾಗಿ, ಮೂರರಿಂದ ಐದು ಸೆಕೆಂಡ್. ಮುಖ, ಕುತ್ತಿಗೆ, ಎದೆ ಬೇಡ. ಅವನು ಬಿಟ್ಟ ಕೂಡಲೇ ಓಡಿ. ನಿಂತು ನೋಡಬೇಡಿ, ಎರಡನೇ ಸಲ ಹೊಡೆಯೋಣ ಅಂತ ಯೋಚಿಸಬೇಡಿ. ಓಡುತ್ತಾ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಮುಳ್ಳು ಹಾರಿಸುವ ಟೇಸರ್‌ನ ನಾಗರಿಕ ಮಾದರಿ 15 ಅಡಿ ತನಕ ಹೋಗುತ್ತದೆ. 30 ಸೆಕೆಂಡ್ ಬಿಡದೆ ನಡೆಯುತ್ತದೆ. ಅದನ್ನು ಅಲ್ಲೇ ನೆಲಕ್ಕೆ ಹಾಕಿ ಓಡುವುದಕ್ಕೆ ಅಂತಲೇ ಹಾಗೆ ಮಾಡಿದ್ದಾರೆ. ಪೊಲೀಸ್ ದೂರಿನ ಪ್ರತಿ ಕಳಿಸಿದರೆ ಕಂಪನಿ ಹೊಸದು ಕೊಡುತ್ತದೆ. ಆದರೆ ಬೆಲೆ ಜಾಸ್ತಿ, ಗುರಿ ತಪ್ಪಿದರೆ ಇನ್ನೊಂದು ಅವಕಾಶ ಕಷ್ಟ.

ನಮ್ಮ ಹುಡುಗಿಯ ವಿಷಯಕ್ಕೆ ಬಂದರೆ, ಎರಡೂ ದಡದಲ್ಲಿ ಕಾನೂನು ಒಪ್ಪುವುದು ಬೇಕು. ಅದು ಪೆಪ್ಪರ್ ಸ್ಪ್ರೇ. ಮೂರು ಮೀಟರ್ ದೂರದಿಂದಲೇ ಹೊಡೆಯಬಹುದು. ಕಣ್ಣು ಮುಚ್ಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ಉರಿ ಅರ್ಧ ಗಂಟೆಯಾದರೂ ಇರುತ್ತದೆ.

ಕಾನೂನು ಓದುವವ

ಇದಕ್ಕೆ ಸೇರಿಸುತ್ತೇನೆ. ನ್ಯೂಜರ್ಸಿಯಲ್ಲಿ ಸ್ಪ್ರೇ ಮುಕ್ಕಾಲು ಔನ್ಸ್ ಮೀರಬಾರದು, ಅಂದರೆ ಸುಮಾರು 21 ಗ್ರಾಂ. ನ್ಯೂಯಾರ್ಕ್‌ನಲ್ಲಿ 18 ದಾಟಿದವರು ಔಷಧಿ ಅಂಗಡಿಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಸ್ವತಃ ಹೋಗಿ ಕೊಳ್ಳಬೇಕು. ಅಂಚೆಯಲ್ಲಿ ತರಿಸುವ ಹಾಗಿಲ್ಲ. ನ್ಯೂಯಾರ್ಕ್‌ನ ಔಷಧಿ ಅಂಗಡಿಯಲ್ಲಿ ಸಿಗುವ ಅರ್ಧ ಔನ್ಸ್‌ನ ಚಿಕ್ಕ ಡಬ್ಬಿ ತಗೊಂಡರೆ ತೂಕದಲ್ಲಿ ಎರಡೂ ಕಡೆ ಸರಿ. ನಿಮ್ಮ ಆಸ್ಪತ್ರೆಯ ಒಳಗಿನ ನಿಯಮ ಬೇರೆ ಇರುತ್ತದೆ, ಅದನ್ನು ಕೇಳಿಕೊಳ್ಳಿ.

ಬ್ಯಾಡಗಿ ಕಡೆಯವಳು

ನಮ್ಮಜ್ಜಿ ಜಾತ್ರೆಗೆ ಹೋಗುವಾಗ ಸೆರಗಿನಲ್ಲಿ ಖಾರದಪುಡಿ ಗಂಟು ಹಾಕಿಕೊಂಡು ಹೋಗುತ್ತಿದ್ದರು. ನಾನೂ ಇಲ್ಲಿ ಹಾಗೇ ಮಾಡಲಾ ಅಂತ ಯೋಚಿಸಿದ್ದೆ.

ವಾರಾಂತ್ಯದ ತರಬೇತಿ

ಅಜ್ಜಿಗೆ ನನ್ನ ನಮಸ್ಕಾರ. ಆದರೆ ಪುಡಿ ಗಾಳಿಗೆ ತಿರುಗಿ ನಿಮ್ಮ ಕಣ್ಣಿಗೇ ಬರುತ್ತದೆ. ಸ್ಪ್ರೇಯಲ್ಲಿರುವುದೂ ಮೆಣಸಿನಕಾಯಿಯ ಖಾರವೇ, ಆದರೆ ಅದು ಎಣ್ಣೆಯಂಥ ಸಾರ. ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಒರೆಸಿದರೆ ಹೋಗುವುದಿಲ್ಲ. ನಿಮ್ಮ ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ನಿಮಗೇ ಗೊತ್ತು ಅಲ್ವಾ?

ಸ್ಪ್ರೇಗೂ ಗಾಳಿಯ ದಿಕ್ಕು ನೋಡಬೇಕು. ಮಂಜಿನ ಹಾಗೆ ಹರಡುವುದಕ್ಕಿಂತ ನೇರ ಧಾರೆಯಾಗಿ ಹೋಗುವುದು ಇಲ್ಲವೇ ಜೆಲ್ ಒಳ್ಳೆಯದು. ಅಸ್ತಮಾ ಇದ್ದವರು ತಾವೇ ಎಚ್ಚರವಾಗಿರಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ, ಡಬ್ಬಿ ಬಿಸಿಯಾದರೆ ಸೋರಬಹುದು, ಒಡೆಯಲೂಬಹುದು. ತಾರೀಖು ಮುಗಿದಿದ್ದನ್ನು ಎಸೆಯಿರಿ. ಅಭ್ಯಾಸಕ್ಕೆ ಖಾರವಿಲ್ಲದ, ಬರೀ ನೀರು ತುಂಬಿದ ಡಬ್ಬಿಗಳು ಸಿಗುತ್ತವೆ. ಮನೆಯ ಹಿಂದೆ ಗೋಡೆಗೆ ಒಂದು ಕಾಗದ ಅಂಟಿಸಿ ಹತ್ತು ಸಲ ಹೊಡೆಯಿರಿ. ಹತ್ತು ಸಲ ಹೊಡೆದ ಕೈ ಗಾಬರಿಯಲ್ಲೂ ತಾನೇ ಹೋಗುತ್ತದೆ.

ಬಸವನಗುಡಿ

ನನ್ನ ತಂಗಿ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಮುಂದಿನ ತಿಂಗಳು ಊರಿಗೆ ಹೋಗುವಾಗ ಅವಳಿಗೊಂದು ಟೇಸರ್ ಒಯ್ಯೋಣ ಅಂತಿದ್ದೆ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದರೆ ನಡೆಯುತ್ತಾ?

ಕಾನೂನು ಓದುವವ

ದಯವಿಟ್ಟು ಬೇಡ. ಅಮೆರಿಕದೊಳಗಿನ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿನಲ್ಲಿ ಸ್ಟನ್ ಗನ್‌ಗೆ ಷರತ್ತಿನ ಮೇಲೆ ಅವಕಾಶ ಇದೆ. ಅದನ್ನು ನೋಡಿ ಎಲ್ಲ ಕಡೆ ಹಾಗೇ ಅಂದುಕೊಳ್ಳುತ್ತಾರೆ. ಅಂತಾರಾಷ್ಟ್ರೀಯ ವಿಮಾನಯಾನ ನಿಯಮದ ಪ್ರಕಾರ ಲಿಥಿಯಂ ಬ್ಯಾಟರಿಯೋ ಒತ್ತಡದ ಅನಿಲವೋ ಇರುವ ಶಾಕ್ ಸಾಧನ ಕೈಬ್ಯಾಗಿನಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ, ಮೈಮೇಲೂ ಇಲ್ಲ. ಪೆಪ್ಪರ್ ಸ್ಪ್ರೇಗೂ ಅದೇ ನಿಯಮ. ಲಂಡನ್ ಮೇಲೆ ಹೋಗುತ್ತೀರಾದರೆ ಇನ್ನೂ ಕೆಟ್ಟದ್ದು. ಬ್ರಿಟನ್‌ನಲ್ಲಿ ಸ್ಟನ್ ಗನ್, ಪೆಪ್ಪರ್ ಸ್ಪ್ರೇ ಎರಡೂ 1968ರ ಬಂದೂಕು ಕಾಯ್ದೆಯಡಿ ನಿಷಿದ್ಧ ಆಯುಧ.

ತಂಗಿಗೆ ಬೆಂಗಳೂರಿನಲ್ಲೇ ಪೆಪ್ಪರ್ ಸ್ಪ್ರೇ ಸಿಗುತ್ತದೆ, ಲೈಸೆನ್ಸ್ ಬೇಡ. ಆದರೆ ಒಂದು ಮಾತು ಅವರಿಗೆ ಹೇಳಿ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಜಾಗದ ವಿಚಾರಕ್ಕೆ ನಡೆದ ಜಗಳದಲ್ಲಿ ಕಾವಲು ಸಿಬ್ಬಂದಿಯ ಮೇಲೆ ಸ್ಪ್ರೇ ಹೊಡೆದಿದ್ದರು. ಸ್ವರಕ್ಷಣೆ ಅಂತ ವಾದಿಸಿದರು. ಅಲ್ಲಿ ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಸ್ಪ್ರೇ ಅಪಾಯಕಾರಿ ಆಯುಧವೇ ಎಂದು ಹೇಳಿ ಕೋರ್ಟ್ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮಿನವರೆಗೆ ಸ್ವರಕ್ಷಣೆಯ ಹಕ್ಕು ಇದೆ. ಅದು ದಾಳಿಯ ಅಪಾಯ ಇರುವ ಹೊತ್ತಿಗೆ ಮಾತ್ರ. ಪಾರ್ಕಿಂಗ್ ಜಗಳಕ್ಕೆ ಅಲ್ಲ. ಫೋನಿನಲ್ಲಿ ಅಲ್ಲಿನ ತುರ್ತು ನಂಬರ್ 112 ಮೊದಲ ನಂಬರಾಗಿರಲಿ.

ನೆವಾರ್ಕ್ ವಿದ್ಯಾರ್ಥಿನಿ

ನಾನು ಹಾಸ್ಟೆಲಿನಲ್ಲಿ ಇರುವುದು. ನನಗೆ?

ಕಾನೂನು ಓದುವವ

ನ್ಯೂಜರ್ಸಿಯಲ್ಲಿ ಶಾಲೆ, ಕಾಲೇಜು, ವಿಶ್ವವಿದ್ಯಾಲಯದ ಆವರಣದೊಳಗೆ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸ್ಟನ್ ಗನ್ ಒಯ್ಯಬೇಡಿ, ಅದು ಬೇರೆಯದೇ ಅಪರಾಧ. ಕ್ಯಾಂಪಸ್ ಪೊಲೀಸರನ್ನು ಕೇಳಿ, ರಾತ್ರಿ ಜೊತೆಗೆ ನಡೆದು ಬಿಟ್ಟುಬರುವ ವ್ಯವಸ್ಥೆ ಬಹಳ ಕಡೆ ಇರುತ್ತದೆ. ಸಂಕೋಚ ಬೇಡ. ಒಂದೇ ವಾರದಲ್ಲಿ ಹತ್ತು ಸಲ ಕರೆದರೂ ಅವರು ಏನೂ ಅಂದುಕೊಳ್ಳುವುದಿಲ್ಲ.

ತುಂಗಾತೀರ

ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ಮಾತು. ಟಾರ್ಚ್ ಥರದ್ದು ಬೇಡವೇ ಬೇಡ. ನಮ್ಮ ಮನೆಯಲ್ಲಿ ಕರೆಂಟ್ ಹೋದ ದಿನ ಆರು ವರ್ಷದ ಮಗ ಅದನ್ನೇ ಟಾರ್ಚ್ ಅಂತ ಎತ್ತಿಕೊಂಡ. ಲೈಟ್ ಹಾಕಲು ಹೋಗಿ ಇನ್ನೊಂದು ಗುಂಡಿ ಒತ್ತಿದ. ಕಿಡಿ ನೋಡಿ ಹೆದರಿ ಬಿಸಾಕಿದ, ದೇವರ ದಯೆ. ಮಾರನೆಯ ದಿನವೇ ಬೀಗದ ಪೆಟ್ಟಿಗೆ ತಂದೆ.

ಜರ್ನಲ್ ಸ್ಕ್ವೇರ್ ವಾಸಿ

ಎರಡು ವಾರ ಆಯಿತು. ಏನು ಮಾಡಿದೆ ಅಂತ ಹೇಳಬೇಕು, ಎಲ್ಲರೂ ಇಷ್ಟು ಬರೆದಿದ್ದೀರಿ.

ಸ್ಟನ್ ಗನ್ ವಾಪಸ್ ಕೊಟ್ಟೆ. ಸಹೋದ್ಯೋಗಿಗೂ ನ್ಯೂಯಾರ್ಕ್ ನಿಯಮ ಗೊತ್ತಿರಲಿಲ್ಲ. ಮತ್ತೆ ಮ್ಯಾನ್‌ಹಟನ್‌ಗೆ ಒಯ್ಯಬಾರದು ಅಂತ ಕೆಲಸದ ಹತ್ತಿರ ಕೊಡಲಿಲ್ಲ, ಅವರು ಜರ್ಸಿ ಸಿಟಿಗೆ ಬಂದಾಗ ಕೊಟ್ಟೆ. ಕೆಲಸದ ಹತ್ತಿರದ ಔಷಧಿ ಅಂಗಡಿಯಲ್ಲಿ ಅರ್ಧ ಔನ್ಸ್‌ನ ಸ್ಪ್ರೇ ತಗೊಂಡೆ. ಆಸ್ಪತ್ರೆಯ ಸೆಕ್ಯುರಿಟಿಯವರನ್ನು ಕೇಳಿದೆ. ಒಳಗೆ ಬಿಡುವುದಿಲ್ಲ, ಮುಂದಿನ ಮೇಜಿನಲ್ಲಿ ಕೊಟ್ಟು ಹೋಗುವಾಗ ತಗೊಳ್ಳಿ ಅಂದರು. ಅವರೇ ಇನ್ನೊಂದು ವಿಷಯ ಹೇಳಿದರು. ಕೇಳಿದರೆ ಸ್ಟೇಷನ್ ತನಕ ಒಬ್ಬರು ಜೊತೆಗೆ ಬರುತ್ತಾರಂತೆ. ಒಂದೂವರೆ ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದೇನೆ, ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೀಲಿಗೊಂಚಲಿಗೆ ಹಾಕುವ ಅಲಾರಂ ಕೂಡ ತಗೊಂಡೆ. ಪಿನ್ ಎಳೆದರೆ 120 ಡೆಸಿಬಲ್ ಕಿರುಚುತ್ತದೆ. ಅದಕ್ಕೆ ಎರಡೂ ದಡದಲ್ಲಿ ತಡೆ ಇಲ್ಲ.

ಪಾಳಿಯ ಪಟ್ಟಿ ನೋಡಿದಾಗ ಗೊತ್ತಾಯಿತು, ನಮ್ಮ ಕಡೆಯೇ ಇಳಿಯುವ ಇನ್ನಿಬ್ಬರು ನರ್ಸ್‌ಗಳು ಇದ್ದಾರೆ. ಒಬ್ಬರು ಫಿಲಿಪ್ಪೀನ್ಸ್‌ನವರು, ಒಬ್ಬರು ಕೇರಳದವರು. ವಾರದಲ್ಲಿ ನಾಲ್ಕು ದಿನ ಮೂವರೂ ಒಟ್ಟಿಗೆ ಬರುತ್ತೇವೆ. ಗುರುವಾರ ಮಾತ್ರ ನಾನೊಬ್ಬಳೇ. ಹೋದ ಗುರುವಾರ ರೈಲು ನಿಲ್ಲುವ ಮೊದಲೇ ಇಯರ್‌ಫೋನ್ ತೆಗೆದು, ಫೋನ್ ಜೇಬಿಗೆ ಹಾಕಿ, ಸ್ಪ್ರೇ ಬಲಗೈಯಲ್ಲಿ ಹಿಡಿದುಕೊಂಡೆ. ಅಲಾರಂ ಪಿನ್ನು ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡಿತು, ಆದರೆ ಹಿಂದಿನಷ್ಟಲ್ಲ. ರೂಮ್‌ಮೇಟ್ ಬಾಗಿಲಲ್ಲಿ ನಿಂತಿದ್ದಳು.

ವೋಲ್ಟೇಜ್ ಮೇಷ್ಟ್ರು

ಒಳ್ಳೆಯದಾಯಿತಮ್ಮಾ. ಡಬ್ಬಿಯ ತಳದಲ್ಲಿ ತಾರೀಖು ನೋಡಿದೆಯಾ?

ಜರ್ನಲ್ ಸ್ಕ್ವೇರ್ ವಾಸಿ

ನೋಡಿದೆ ಸರ್. 2028 ಮಾರ್ಚ್. ಫೋನಿನ ಕ್ಯಾಲೆಂಡರಿನಲ್ಲೂ ಹಾಕಿದ್ದೇನೆ. ನೀರಿನ ಡಬ್ಬಿ ನಾಳೆ ಬರುತ್ತದೆ, ಭಾನುವಾರ ಮೂವರೂ ಸೇರಿ ಅಭ್ಯಾಸ ಮಾಡುತ್ತೇವೆ.